ಹದಿನೇಳನೆಯ ಬಿರಡೆ

ಆ ಬೆಳಿಗ್ಗೆ ಮಂಜು ದಟ್ಟವಾಗಿ ಇಳಿದಿತ್ತು. ಬೀದಿಯಲ್ಲಿ ಎದುರಾಗುವವರ ಕಾಲು ಮೊದಲು ಕಾಣಿಸಿ ಮುಖ ಆಮೇಲೆ ಕಾಣಿಸುತ್ತಿತ್ತು. ರಂಗಮಂದಿರದ ಹಿಂಬಾಗಿಲ ಬೀಗ ತೆಗೆದು ಒಳಗೆ ಬಂದ ಅತ್ತಿಗೆ, ದೀಪ ಹಾಕುವ ಮೊದಲೇ ವೇದಿಕೆ ಹತ್ತಿ ಪರದೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಒದ್ದೆಯಾಗಿತ್ತು. ಒದ್ದೆಯಾದ ಪರದೆ ಮಾತು ಕುಡಿಯುತ್ತದೆ. ಒಣಗಿದ ದಿನ ಹತ್ತನೆಯ ಸಾಲಿಗೆ ಹೋಗುವ ಮಾತು ಇಂಥ ದಿನ ಆರನೆಯದಕ್ಕೆ ಹೋದರೆ ದೇವರ ದಯೆ.

‘ಇವತ್ತೇ ಹೀಗಾಗಬೇಕಿತ್ತೇನಪ್ಪಾ,’ ಎಂದು ಮೇಲೆ ನೋಡಿ ಹೇಳಿದರು. ಹೇಳಿದ್ದು ದೂರಿನಂತಿತ್ತು, ಮನಸ್ಸಿನಲ್ಲಿದ್ದದ್ದು ದೂರಲ್ಲ. ಒಳಗೊಳಗೇ ಒಂದು ಸಣ್ಣ ಸಂತೋಷ ಇಲಿಯ ಹಾಗೆ ಓಡಾಡುತ್ತಿತ್ತು. ದೇವರಿಗೆ ಅದೂ ಕಂಡಿರಬೇಕು.

ಅತ್ತಿಗೆ ಯಾರಿಗೂ ಈಗ ಅತ್ತಿಗೆಯಲ್ಲ. ನಾಟಕ ತಂಡ ಕಟ್ಟಿದ ಯಜಮಾನರ ಹೆಂಡತಿ. ಯಜಮಾನರ ತಮ್ಮ ಹಾಗೆ ಕರೆದ, ತಂಡವೆಲ್ಲ ಹಾಗೇ ಕರೆಯಿತು. ಯಜಮಾನರೂ ತಮ್ಮನೂ ಹೋದ ಮೇಲೂ ಹೆಸರು ಉಳಿಯಿತು. ತಂಡವಿದ್ದಾಗಲೂ ಅದು ಚದುರಿದ ಮೇಲೂ ಆಕೆ ಇದೇ ಮಂದಿರದಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನಟರಿಗೆ ಧ್ವನಿಯ ಪಾಠ ಹೇಳುತ್ತ ಬಂದಿದ್ದರು. ಇಪ್ಪತ್ತಾರು ವರ್ಷ. ವಿಚಿತ್ರವೆಂದರೆ ಆಕೆಯ ಧ್ವನಿಯೇ ಸಣ್ಣದು, ಪಕ್ಕದ ಕೋಣೆಗೂ ಕೇಳಿಸದು. ಆದರೆ ದೇವರು ಕೆಲವರಿಗೆ ಬಾಯಿ ಕೊಡುವ ಜಾಗದಲ್ಲಿ ಕಿವಿ ಕೊಟ್ಟಿರುತ್ತಾನೆ.

ಆಕೆಯ ಪಾಠದಲ್ಲಿ ಇದ್ದದ್ದು ಮೂರೇ ಸಾಮಾನು. ಒಂದು ದಪ್ಪ ನಿಘಂಟು: ಹೊಸದಾಗಿ ಬಂದವರು ನೆಲದ ಮೇಲೆ ಅಂಗಾತ ಮಲಗಬೇಕು, ನಿಘಂಟು ಹೊಟ್ಟೆಯ ಮೇಲಿರಬೇಕು, ಉಸಿರು ಅದನ್ನು ಎತ್ತಬೇಕು, ಎದೆ ಅಲುಗಬಾರದು. ಎರಡು, ಒಂದು ಬಿಳಿ ಕರವಸ್ತ್ರ: ಅತ್ತಿಗೆ ಕೊನೆಯ ಸಾಲಿನಲ್ಲಿ ಕೂರುವರು, ಮಾತು ಅಲ್ಲಿಗೆ ಮುಟ್ಟದಿದ್ದರೆ ಕರವಸ್ತ್ರ ಮೇಲೇಳುವುದು, ನಟ ಅದೇ ಮಾತನ್ನು ಮತ್ತೆ ಆಡಬೇಕು. ಬೈಗುಳವಿಲ್ಲ, ಉಪದೇಶವಿಲ್ಲ. ಮೂರನೆಯದು ಒಂದು ತಗಡಿನ ಡಬ್ಬಿ. ಅದರ ತುಂಬ ಬಾಟಲಿಗೆ ಹಾಕುವ ಬೆಂಡಿನ ಬಿರಡೆಗಳು. ಶಿಷ್ಯನಾದವನಿಗೆ ಮೊದಲ ದಿನ ಒಂದು ಬಿರಡೆ ಕೊಡುವರು. ಅದನ್ನು ಮುಂಬಲ್ಲುಗಳ ನಡುವೆ ಕಚ್ಚಿಕೊಂಡು ಮಾತನ್ನೆಲ್ಲ ಸ್ಪಷ್ಟವಾಗಿ ಒಪ್ಪಿಸಬೇಕು. ಬಿರಡೆ ತೆಗೆದ ಮೇಲೆ ನಾಲಿಗೆ ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡುತ್ತದೆ. ಇಡೀ ಪಾತ್ರ ಆಡಿ ಮುಗಿಸಿದರೂ ಕರವಸ್ತ್ರ ಒಮ್ಮೆಯೂ ಮೇಲೇಳದ ದಿನ, ಶಿಷ್ಯ ತನ್ನ ಬಿರಡೆಯನ್ನು ತಂದು ಅತ್ತಿಗೆಯ ಕೈಗೆ ಹಾಕಬೇಕು. ಅಲ್ಲಿಗೆ ಋಣ ತೀರಿತು. ಬೇರೆ ಕಾಣಿಕೆ, ಕಾಲಿಗೆ ಬೀಳುವುದು, ಯಾವುದೂ ಇಲ್ಲ.

ಪ್ರತಿ ಬಿರಡೆಗೂ ಶಾಯಿಯಲ್ಲಿ ಒಂದು ಅಂಕೆ. ಕಲಿತು ಮುಗಿಸಿದವರು ತಿರುಗಿ ಕೊಟ್ಟವು ಡಬ್ಬಿಯಲ್ಲಿ ನಲವತ್ತೊಂದರವರೆಗೆ ಇದ್ದವು. ಹದಿನೇಳು ಮಾತ್ರ ಇರಲಿಲ್ಲ.

ಹದಿನೇಳು ನಗಾರಿಯದು.

ನಗಾರಿ ಎಂದು ಅವನನ್ನು ಕರೆದದ್ದು ಪತ್ರಿಕೆಯವರು, ಅವನು ಸಿನಿಮಾದಲ್ಲಿ ದೊಡ್ಡವನಾದ ಮೇಲೆ. ಇಪ್ಪತ್ತೆರಡು ವರ್ಷದ ಹಿಂದೆ ಅವನು ಈ ಮಂದಿರಕ್ಕೆ ಬಂದಾಗ ತಂಡದವರು ಇಟ್ಟ ಹೆಸರು ‘ಸೊಳ್ಳೆ’. ಮಾತೆಲ್ಲ ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಸಾಯುತ್ತಿತ್ತು. ಮೂರು ತಿಂಗಳು ನಿಘಂಟಿನ ಕೆಳಗೆ ಮಲಗಿದ್ದ. ಒಂದು ವರ್ಷ ಬಿರಡೆ ಕಚ್ಚಿದ. ಯಜಮಾನರು ಬರೆದ ನಾಟಕದಲ್ಲಿ ಮುದಿ ಅಂಬಿಗನ ಪಾತ್ರ ಸಿಕ್ಕಿತು. ದೋಣಿಯನ್ನು ಬೇರೆಯವರಿಗೆ ಒಪ್ಪಿಸಿದ ಅಂಬಿಗ ದಡದಲ್ಲಿ ನಿಂತು ನದಿಯ ಜೊತೆ ಆಡುವ ಮಾತು. ಆ ಮಾತು ಕೊನೆಯ ಸಾಲಿಗೆ ಮುಟ್ಟಿದ ವಾರವೇ ಸ್ಟುಡಿಯೋದಿಂದ ಕರೆ ಬಂತು. ಒಂದು ಮುಂಜಾನೆ ಯಾರಿಗೂ ಹೇಳದೆ ಹೊರಟುಹೋದ. ಬಿರಡೆಯೂ ಹೋಯಿತು.

ಅತ್ತಿಗೆ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಳ್ಳುವಂತೆ ಮಾಡಿದ್ದು ಹೋದ ತಿಂಗಳ ಪತ್ರಿಕೆ. ಶಿಷ್ಯೆಯರಲ್ಲಿ ಒಬ್ಬಳಾದ ನರ್ಸ್ ಅದನ್ನು ತಂದು, ಪಾಠದಲ್ಲಿ ಕಲಿತ ಹಾಗೆಯೇ ಒಂದೊಂದು ಅಕ್ಷರವನ್ನೂ ಬಿಡಿಸಿ ಓದಿದಳು. ‘ನನಗೆ ಗುರು ಅಂತ ಯಾರೂ ಇಲ್ಲ. ಇದು ಹುಟ್ಟಿನಿಂದಲೇ ಬಂದ ಕಂಠ. ತೊಟ್ಟಿಲಲ್ಲಿ ಅತ್ತರೆ ಮೂರು ಬೀದಿಗೆ ಕೇಳಿಸ್ತಿತ್ತಂತೆ.’

‘ಮೂರು ಬೀದಿಗಾ?’ ಎಂದಿದ್ದ ಇನ್ನೊಬ್ಬ ಶಿಷ್ಯ, ಬಸ್ ಕಂಡಕ್ಟರು. ‘ನಂದು ನಾಲ್ಕು ಸ್ಟಾಪಿಗೆ ಕೇಳಿಸುತ್ತೆ, ನನ್ನ ಫೋಟೋ ಯಾರೂ ಹಾಕ್ಲಿಲ್ಲ.’

‘ನೀನು ಬಿರಡೆ ಕಚ್ಚು,’ ಎಂದಿದ್ದರು ಅತ್ತಿಗೆ.

ನಕ್ಕು ಮರೆಯಬಹುದಾಗಿತ್ತು. ಆದರೆ ಅದೇ ನಗಾರಿ ಈಗ ಈ ಮಂದಿರದ ಬೆಳಗಿನ ಹೊತ್ತನ್ನೇ ಕೇಳಿಕೊಂಡು ಬಂದಿದ್ದ. ಅವನದೊಂದು ಅಕಾಡೆಮಿಯಂತೆ. ಗೋಡೆಗೋಡೆಗೂ ಪೋಸ್ಟರು: ‘ರಂಗದ ಮೇಲೆ ನಿಮ್ಮ ಇರವು! ಒಂದೇ ದಿನದಲ್ಲಿ ಸಭೆಯನ್ನು ಗೆಲ್ಲಿರಿ!’ ಕೆಳಗೆ ಅವನ ಚಿತ್ರ, ಗದ್ದ ಸ್ವಲ್ಪ ಮೇಲೆ. ಗದ್ದ ಮೇಲೆತ್ತಿದರೆ ಗಂಟಲು ಬಿಗಿಯುತ್ತದೆ ಎಂಬುದು ಮೊದಲ ವಾರದ ಪಾಠ. ಅತ್ತಿಗೆ ಆ ಪೋಸ್ಟರಿನ ಮುಂದೆ ನಿಂತು ಗದ್ದವನ್ನೇ ನೋಡಿ, ‘ಪಾಪ,’ ಎಂದು ಮುಂದೆ ನಡೆದಿದ್ದರು. ಆಕೆ ‘ಪಾಪ’ ಎನ್ನುವುದನ್ನು ಕೇಳಿದವರು ತಮಗೆ ಅದು ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದರು.

ಮಂದಿರದ ಸಮಿತಿಗೆ ಹಳೆಯದೊಂದು ನಿಯಮವಿತ್ತು. ಇಲ್ಲಿ ಪಾಠ ಹೇಳುವವರು ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸಬೇಕು, ಅಥವಾ ಮುಟ್ಟಿಸಬಲ್ಲ ಶಿಷ್ಯರನ್ನು ತೋರಿಸಬೇಕು. ಅತ್ತಿಗೆ ಶಿಷ್ಯರನ್ನು ತೋರಿಸಿ ಗೆದ್ದವರು. ಇವತ್ತು ಹತ್ತು ಗಂಟೆಗೆ ನಗಾರಿಯ ಸರದಿ. ಮುಟ್ಟಿಸಿದರೆ ಬೆಳಗಿನ ಹೊತ್ತು ಅವನದು. ಅತ್ತಿಗೆ ನಿಘಂಟು, ಕರವಸ್ತ್ರ, ಡಬ್ಬಿ ಎತ್ತಿಕೊಂಡು ಮನೆಗೆ ಹೋಗಬಹುದು. ಮನೆಯೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಅಲ್ಲಿ ಯಾರಾದರೂ ಅಂಗಾತ ಮಲಗಿದರೆ ಕಾಲು ಬಾಗಿಲಾಚೆ ಹೋಗುತ್ತದೆ.

ಒಂಬತ್ತಕ್ಕೆ ಪಾಠ ಮುಗಿಯುವ ಹೊತ್ತಿಗೆ ಸಮಿತಿಯ ಕಾರ್ಯದರ್ಶಿ ಬಂದ. ಪೇಂಟು, ಮೊಳೆ, ನಲ್ಲಿ ಮಾರುವ ಅಂಗಡಿಯವನು. ಯಾರನ್ನೂ ನೋಯಿಸದೆ ನೋಯಿಸುವ ಕೆಲಸ ಮಾಡಬೇಕೆಂದು ಆಸೆಪಡುವ ಜಾತಿಯ ಮನುಷ್ಯ.

‘ಅಮ್ಮಾ, ತಪ್ಪು ತಿಳೀಬೇಡಿ. ಬೀಗದ ಕೈ ಕೊಟ್ಬಿಡ್ತೀರಾ? ಅವರು ಬರೋ ಹೊತ್ತಾಯ್ತು. ಕೈಗೆ ಕೊಟ್ಟು ಸ್ವಾಗತ ಮಾಡೋಣ ಅಂತ...’

‘ಪರೀಕ್ಷೆ ಆಗೋಕೆ ಮುಂಚೆಯೇ?’

‘ಅಯ್ಯೋ, ಅವರಿಗೆಂಥ ಪರೀಕ್ಷೆ ಅಮ್ಮಾ! ಇದೆಲ್ಲ ಒಂದು ಶಾಸ್ತ್ರಕ್ಕೆ. ಅವರ ಕಂಠ ಲೋಕಕ್ಕೇ ಗೊತ್ತು.’

‘ಲೋಕಕ್ಕೆ ಗೊತ್ತು,’ ಎಂದರು ಅತ್ತಿಗೆ. ‘ಕೊನೇ ಸಾಲಿಗೆ ಗೊತ್ತಾಗ್ಲಿ.’ ಸೊಂಟದಿಂದ ಬೀಗದ ಕೈ ತೆಗೆದು ಕೊಟ್ಟರು. ಕೊಟ್ಟ ಮೇಲೆ ಸೊಂಟ ಒಂದು ಹಲ್ಲು ಬಿದ್ದ ಬಾಯಿಯ ಹಾಗೆ ಅನಿಸಿತು.

ನಗಾರಿ ಬಂದ. ಅವನಿಗಿಂತ ಮೊದಲು ಅವನ ಅತ್ತರು ಬಂತು. ಕುತ್ತಿಗೆಗೆ ಎರಡು ಸುತ್ತು ಉಣ್ಣೆಯ ಪಟ್ಟಿ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಆ ಫ್ಲಾಸ್ಕಿಗೊಂದು ಚರ್ಮದ ಚೀಲ. ಅವನ ಒಂದು ದಿನದ ಶಿಬಿರಕ್ಕೆ ಸೇರಿದ್ದ ಅರವತ್ತು ಜನ ಎದ್ದು ನಿಂತರು. ಅವನು ಕಾರ್ಯದರ್ಶಿಯಿಂದ ಬೀಗದ ಕೈ ತೆಗೆದುಕೊಂಡು, ಎತ್ತಿ ತೋರಿಸಿ, ಜೇಬಿಗೆ ಇಳಿಬಿಟ್ಟ. ಅತ್ತಿಗೆ ಗೋಡೆಯ ಪಕ್ಕ ನಿಂತಿದ್ದರು. ಅವನ ಕಣ್ಣು ಆಕೆಯ ಮೇಲೆ ಹಾದು ಹಿಂದಿನ ಗೋಡೆಗೆ ಹೋಯಿತು. ಗುರುತು ಸಿಗದವರ ಕಣ್ಣು ಅಷ್ಟು ಬೇಗ ಹಾಯುವುದಿಲ್ಲ.

ಮೊದಲಿಗೆ ಒಂದು ಗಂಟೆ ಅವನ ಪಾಠ, ಕಾಲರಿನಲ್ಲಿ ಸಣ್ಣ ಮೈಕು ಸಿಕ್ಕಿಸಿಕೊಂಡು. ‘ಕಣ್ಣು ಮುಚ್ಚಿ. ನಿಮ್ಮ ಎದೆಯಿಂದ ಬಂಗಾರದ ಬೆಳಕು ಹೊರಗೆ ಹೋಗ್ತಾ ಇದೆ. ನೀವು ಸಿಂಹ. ಸಿಂಹ ಕೂಗಬೇಕಾಗಿಲ್ಲ, ಸಿಂಹ ಇದ್ದರೆ ಸಾಕು!’ ಅರವತ್ತು ಸಿಂಹಗಳು ಕಣ್ಣು ಮುಚ್ಚಿ ಎದೆ ಉಬ್ಬಿಸಿ ಭುಜವನ್ನು ಕಿವಿಯವರೆಗೆ ಎತ್ತಿದವು. ಮೂರನೆಯ ಸಾಲಿನ ಒಂದು ಸಿಂಹ ತಲೆ ಸುತ್ತಿ ಕುರ್ಚಿ ಹಿಡಿದುಕೊಂಡಿತು.

‘ಉಸಿರು ಎಲ್ಲಿಂದ ತಗೋಬೇಕು ಸರ್?’ ಎಂದು ಯಾರೋ ಕೇಳಿದರು.

‘ಆತ್ಮದಿಂದ,’ ಎಂದ ನಗಾರಿ.

ಕಂಡಕ್ಟರು ಅತ್ತಿಗೆಯ ಕಿವಿಯ ಬಳಿ ಬಗ್ಗಿ, ‘ನಾವು ಸುಮ್ನೆ ಹೊಟ್ಟೆಯಿಂದ ತಗೊಂಡು ಕೆಟ್ವಿ,’ ಎಂದ.

ಅತ್ತಿಗೆಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಎದುರಿನವರು ಒಂದು ಎತ್ತರದಲ್ಲಾದರೂ ಇರಬೇಕು. ಆಕೆಗೆ ಅನಿಸಿದ್ದು, ಗುಡಿಸಿ ಸಾರಿಸಿದ ನೆಲದ ಮೇಲೆ ಯಾರೋ ಉಗುಳಿದ್ದನ್ನು ಕಂಡಾಗ ಅನಿಸುವುದು. ಉಗುಳಿದವನ ಜೊತೆ ಜಗಳವಾಡುವುದಿಲ್ಲ. ನೀರು ಎಲ್ಲಿದೆ ಎಂದು ನೋಡುತ್ತೇವೆ.

ಪಾಠ ಮುಗಿಯಿತು. ಕಾರ್ಯದರ್ಶಿ ಎದ್ದು ಕೈ ಮುಗಿದು ನಿಯಮ ಓದಿದ. ನಗಾರಿ ನಗುತ್ತ ಕಾಲರಿನಿಂದ ಮೈಕು ಕಿತ್ತು, ಸಭೆಗೆ ತೋರಿಸಿ, ಬದಿಗೆ ಎಸೆದ. ಚಪ್ಪಾಳೆ ಬಿತ್ತು. ಸಮಿತಿಯ ನಾಲ್ವರು ಮುಂದಿನ ಸೋಫಾದಲ್ಲೇ ಉಳಿದರು. ಐದನೆಯವರು, ನಿವೃತ್ತ ಪೋಸ್ಟ್‌ಮಾಸ್ಟರು, ನಿಯಮದಂತೆ ಕೊನೆಯ ಸಾಲಿಗೆ ಬಂದು, ಎಂದಿನಂತೆ ಅಲ್ಲೇ ಹೋಗಿ ಕೂತಿದ್ದ ಅತ್ತಿಗೆಯಿಂದ ಎರಡು ಕುರ್ಚಿ ಬಿಟ್ಟು ಕೂತರು. ಹೂಂ ಎನ್ನಬೇಕಾದವರು ಅವರೊಬ್ಬರೇ. ಮುಖದಾಕ್ಷಿಣ್ಯಕ್ಕೆ ಬಗ್ಗುವವರಲ್ಲ, ಸ್ಟಾಂಪು ಸಾಲದ ಲಕೋಟೆಯನ್ನು ಸ್ವಂತ ಬೀಗರಿಗೇ ವಾಪಸು ಕೊಟ್ಟವರು.

‘ಅಂಬಿಗನ ಮಾತು,’ ಎಂದು ನಗಾರಿ ಘೋಷಿಸಿದ. ಯಾರು ಬರೆದದ್ದು ಎಂದು ಹೇಳಲಿಲ್ಲ.

ಹೇಳಿ, ವೇದಿಕೆಯ ನಟ್ಟನಡುವೆ ಹೋಗಿ ನಿಂತ. ಬೆಳಕೆಲ್ಲ ಅಲ್ಲಿಗೇ ಬಿದ್ದಿತ್ತು. ಲೈಟಿನವನಿಗೆ ಹಾಗೇ ಹೇಳಿಸಿದ್ದ.

ಅತ್ತಿಗೆಯ ಒಳಗಿನ ಇಲಿ ಕುಣಿಯಿತು.

ಆ ನಡು ಜಾಗವೇ ಈ ಮಂದಿರದ ಕಿವುಡು ಜಾಗ. ಅದರ ಕೆಳಗೆ, ಹಿಂದೆ ಪಾತ್ರಗಳು ಮಾಯವಾಗಲು ತೋಡಿದ್ದ ಹೊಂಡವಿತ್ತು. ಹಲಗೆ ಹೊಡೆದು ಮುಚ್ಚಿದ್ದರು, ಹೊಂಡ ಹಾಗೇ ಇತ್ತು. ಮೇಲೆ ಪರದೆ ಎತ್ತುವ ಖಾಲಿ ಗೂಡು. ಅಲ್ಲಿ ನಿಂತು ಆಡಿದ ಮಾತಿನ ಅರ್ಧ ಕೆಳಗಿಳಿಯುತ್ತದೆ, ಅರ್ಧ ಮೇಲೇರುತ್ತದೆ, ಜನರಿಗೆ ನಟನ ಬಾಯಿ ಮಾತ್ರ ಉಳಿಯುತ್ತದೆ. ಎಡಕ್ಕೆ ಮೂರು ಹಲಗೆ ಸರಿದು ನಿಂತರೆ ಪಕ್ಕದ ಗೋಡೆ ಬೆನ್ನಿಗೆ ಬರುತ್ತದೆ, ಮಾತನ್ನು ಎತ್ತಿ ಎಸೆಯುತ್ತದೆ. ತಂಡದಲ್ಲಿ ಕಸ ಗುಡಿಸುವವನಿಗೂ ಇದು ಗೊತ್ತಿತ್ತು. ನಗಾರಿಗೂ ಗೊತ್ತಿತ್ತು, ಸೊಳ್ಳೆಯಾಗಿದ್ದಾಗ. ಆಮೇಲಿನ ಇಪ್ಪತ್ತು ವರ್ಷ ಅವನ ಮಾತನ್ನು ಮೈಕಿನ ತಂತಿ ಹೊತ್ತಿತ್ತು. ಹೊರುವವರು ಇದ್ದಾಗ ದಾರಿ ಯಾರು ನೆನಪಿಟ್ಟುಕೊಳ್ಳುತ್ತಾರೆ?

‘ಹೊತ್ತಾಯ್ತು ತಾಯಿ,’ ಎಂದ ನಗಾರಿ, ನದಿಗೆ. ‘ಹುಟ್ಟು ಹಾಕೋ ಕೈ ಇವತ್ತು ಬರಿಗೈಯಾಗಿ...’

ಮುಂದಿನ ಸೋಫಾದವರು ತಲೆದೂಗಿದರು. ಐದನೆಯ ಸಾಲಿನವರು ಕತ್ತು ಮುಂದೆ ಚಾಚಿದರು. ಹತ್ತನೆಯ ಸಾಲಿನಲ್ಲಿ ಒಬ್ಬಳು ಪಕ್ಕದವಳ ಮುಖ ನೋಡಿದಳು. ಕೊನೆಯ ಸಾಲಿಗೆ ಬಂದದ್ದು ದೂರದ ಮನೆಯಲ್ಲಿ ಯಾರೋ ಪಾತ್ರೆ ಜೋಡಿಸಿದಂಥ ಗುಡುಗುಡು. ಪೋಸ್ಟ್‌ಮಾಸ್ಟರು ಕಿವಿಯ ಹಿಂದೆ ಅಂಗೈ ಇಟ್ಟರು. ಆಮೇಲೆ ಆ ಕೈಯನ್ನೂ ಇಳಿಸಿ, ಕನ್ನಡಕ ತೆಗೆದು ಒರೆಸತೊಡಗಿದರು. ಕೇಳಿಸದ ಮೇಲೆ ನೋಡಿ ಏನು?

ಸುಮ್ಮನೆ ಕೂತರೆ ಸಾಕಾಗಿತ್ತು. ಇನ್ನು ನಾಲ್ಕು ನಿಮಿಷ. ದೇವರು ಮಂಜು ಕಳಿಸಿದ್ದ, ಪರದೆ ಒದ್ದೆ ಮಾಡಿದ್ದ, ಅವನನ್ನು ಕರೆತಂದು ಹೊಂಡದ ಮೇಲೆ ನಿಲ್ಲಿಸಿದ್ದ. ಇಷ್ಟೆಲ್ಲ ಅವನೇ ಮಾಡಿದ ಮೇಲೆ ಅತ್ತಿಗೆ ಮಾಡಬೇಕಾದ್ದು ಏನೂ ಉಳಿದಿರಲಿಲ್ಲ. ಆಕೆ ಕಣ್ಣರಳಿಸಿ, ಊಟಕ್ಕೆ ಕೂತವರ ಹಾಗೆ ನೆಮ್ಮದಿಯಿಂದ ನೋಡಿದರು. ನಗಾರಿ ಕತ್ತಲಿನಲ್ಲಿ ಏನೋ ತಪ್ಪಿದ್ದನ್ನು ಮೂಸಿ ತಿಳಿದಿದ್ದ. ಜೋರು ಮಾಡಿದ. ಜೋರು ಮಾಡಿದಂತೆ ಗದ್ದ ಮೇಲೆದ್ದಿತು, ಕುತ್ತಿಗೆಯ ನರ ಉಣ್ಣೆಯ ಪಟ್ಟಿಯ ಮೇಲೆ ಹಗ್ಗದ ಹಾಗೆ ಎದ್ದು ನಿಂತಿತು, ಅಂಬಿಗ ಸಂತೆಯಲ್ಲಿ ಕರು ಕಳೆದುಕೊಂಡವನಂತೆ ಅರಚಿದ. ಅರಚಿದ್ದೆಲ್ಲ ಗೂಡಿಗೆ ಹೋಯಿತು. ಮಾತು ಒಡೆಯಿತು. ಒಡೆದ ಕಡೆ ಹಳೆಯ ಸೊಳ್ಳೆ ಒಂದು ಕ್ಷಣ ಹಾರಿ ಕೂತಿತು.

‘ನಿನ್ನ ಮಡಿಲಲ್ಲಿ ನಾನು ಮುಳುಗಲಿಲ್ಲ ತಾಯಿ, ನಿನ್ನಿಂದಲೇ ತೇಲಿದೆ...’

ಯಜಮಾನರು ಈ ಒಂದು ಮಾತನ್ನು ಬರೆಯಲು ಒಂಬತ್ತು ದಿನ ತೆಗೆದುಕೊಂಡಿದ್ದರು. ಬರೆದು, ಒಲೆಯ ಮುಂದೆ ಕೂತಿದ್ದ ಹೆಂಡತಿಗೆ ಓದಿ ಹೇಳಿ, ‘ಕೇಳಿಸ್ತಾ?’ ಎಂದು ಕೇಳಿದ್ದರು. ಈಗ ಅದು ಅಲ್ಲಿ ಆ ಬೆಳಕಿನಲ್ಲಿ ಬಾಯಿಯಾಗಿ ಅಲುಗಿತು. ಇಲ್ಲಿಗೆ ಬರಲಿಲ್ಲ.

ಕರವಸ್ತ್ರ ಮೇಲೆದ್ದಿತು.

ಅತ್ತಿಗೆ ಅದನ್ನು ನೋಡಿದರು. ಅವರ ಕೈ, ಅವರದೇ ಕರವಸ್ತ್ರ, ತಲೆಗಿಂತ ಒಂದು ಗೇಣು ಮೇಲೆ. ಇಳಿಸಬೇಕೆಂದುಕೊಂಡರು. ಇಪ್ಪತ್ತಾರು ವರ್ಷದಲ್ಲಿ ಆ ಕೈಗೆ ಮಾತು ಮುಟ್ಟುವ ಮೊದಲೇ ಇಳಿಯುವುದನ್ನು ಯಾರೂ ಕಲಿಸಿರಲಿಲ್ಲ. ‘ಥೂ,’ ಎಂದು ತನ್ನ ಕೈಗೇ ಹೇಳಿದರು. ಆ ಬೆಳಿಗ್ಗೆ ಅವರು ನಗಾರಿಗೆ ಇಟ್ಟುಕೊಂಡಿದ್ದ ತಾತ್ಸಾರದ ಒಂದು ಪಾಲು ಆ ಕೈಗೆ ಹೋಯಿತು.

ವೇದಿಕೆಯ ಮೇಲೆ ನಗಾರಿ ನಿಂತ. ಬೆಳಕಿನ ಆಚೆ, ಕತ್ತಲ ಕೊನೆಯಲ್ಲಿ, ಒಂದು ಚೂರು ಬಿಳಿ. ಮಾತು ನಿಲ್ಲಿಸಿದ. ಸಭೆ ಅದನ್ನು ಅಭಿನಯವೆಂದುಕೊಂಡಿತು. ಅವನ ಮುಖದಿಂದ ಸಿಂಹ ಹೋಯಿತು, ಬಂಗಾರದ ಬೆಳಕು ಹೋಯಿತು; ಬೈಸಿಕೊಳ್ಳಲು ನಿಂತ ಹುಡುಗ ಉಳಿದ. ಅವನ ಕಾಲು ತಾನಾಗಿ ಎಡಕ್ಕೆ ಸರಿಯಿತು. ಒಂದು ಹಲಗೆ. ಎರಡು. ಮೂರು. ಈಗ ಅರ್ಧ ಮುಖ ಕತ್ತಲಲ್ಲಿತ್ತು. ಗದ್ದ ಇಳಿಯಿತು. ಭುಜ ಇಳಿಯಿತು. ನಿಘಂಟು ಇದ್ದ ಜಾಗ ಮೆಲ್ಲಗೆ ಮುಂದೆ ಬಂತು.

ಅದೇ ಮಾತನ್ನು ಮತ್ತೆ ಆಡಿದ, ಕೂಗದೆ.

‘ನಿನ್ನ ಮಡಿಲಲ್ಲಿ ನಾನು ಮುಳುಗಲಿಲ್ಲ ತಾಯಿ. ನಿನ್ನಿಂದಲೇ ತೇಲಿದೆ.’

ಗೋಡೆ ಎತ್ತಿ ಎಸೆಯಿತು. ಮಾತು ಒದ್ದೆಯ ಪರದೆಯನ್ನು ದಾಟಿ, ಸೋಫಾದ ತಲೆಗಳ ಮೇಲಿಂದ ಹಾದು, ಕೊನೆಯ ಸಾಲಿಗೆ ಬಂದು ಪಕ್ಕದಲ್ಲಿ ಕೂತವರಂತೆ ಕೂತಿತು. ಪೋಸ್ಟ್‌ಮಾಸ್ಟರು ಕನ್ನಡಕ ಹಾಕಿಕೊಂಡರು. ಕರವಸ್ತ್ರ ಇಳಿಯಿತು. ಮುಂದಿನ ಮೂರು ನಿಮಿಷ ಅದಕ್ಕೆ ಕೆಲಸವಿರಲಿಲ್ಲ.

ಮುಗಿದಾಗ ಎಲ್ಲರೂ ಎದ್ದು ನಿಂತರು. ಪೋಸ್ಟ್‌ಮಾಸ್ಟರು ಕೊನೆಯ ಸಾಲಿನಿಂದಲೇ, ‘ಮುಟ್ಟಿತು,’ ಎಂದರು. ಆಮೇಲೆ ಪ್ರಾಮಾಣಿಕರಾದ್ದರಿಂದ, ‘ಮೊದಲು ಮುಟ್ಟಲಿಲ್ಲ, ಆಮೇಲೆ ಮುಟ್ಟಿತು,’ ಎಂದೂ ಸೇರಿಸಿದರು. ಎರಡನೆಯದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾರ್ಯದರ್ಶಿ ಹಾರ ಹಾಕಿ ಕೇಳಿದ: ‘ಸರ್, ಇಂಥ ಕಂಠ! ಇದರ ಗುಟ್ಟೇನು ಹೇಳಿ?’

ನಗಾರಿ ಬೆವರುತ್ತಿದ್ದ. ಬಾಯಿ ತೆರೆದ. ಕಣ್ಣು ಒಮ್ಮೆ ಕೊನೆಯ ಸಾಲಿನ ಕಡೆ ಹೊರಟು, ನಡುದಾರಿಯಲ್ಲಿ ಮನಸ್ಸು ಬದಲಿಸಿ, ಮುಂದೆ ಎತ್ತಿ ಹಿಡಿದಿದ್ದ ಕ್ಯಾಮೆರಾಗಳ ಮೇಲೆ ಇಳಿಯಿತು.

‘ದೇವರು ಕೊಟ್ಟದ್ದು,’ ಎಂದ.

ದೇವರು ಇಂಥವನ್ನು ಎಷ್ಟು ಕೇಳಿದ್ದಾನೋ. ಹಾರ ಹಾಕಿಕೊಂಡವರು ಹೊರಿಸಿದ್ದನ್ನೆಲ್ಲ ಹೊರುತ್ತಾನೆ, ಮರುಮಾತಾಡುವುದಿಲ್ಲ. ಅತ್ತಿಗೆ ಎದ್ದು ಹಿಂಭಾಗಕ್ಕೆ ನಡೆದರು. ಬಣ್ಣದ ಕೋಣೆಯಲ್ಲಿ ಅವರ ನಿಘಂಟೂ ಡಬ್ಬಿಯೂ ಇದ್ದವು. ನಿಘಂಟನ್ನು ಚೀಲಕ್ಕೆ ಇಳಿಸಿದರು. ಡಬ್ಬಿಯ ಮುಚ್ಚಳ ಬಿಗಿಯುತ್ತಿದ್ದಾಗ ಬಾಗಿಲಲ್ಲಿ ಅತ್ತರಿನ ವಾಸನೆ ಬಂತು.

‘ಅತ್ತಿಗೆ.’

‘ಕುತ್ತಿಗೆಗೆ ಸುತ್ತಿದ್ದು ಬಿಚ್ಚು. ಬೆವರು ಅಲ್ಲೇ ಆರಿದರೆ ಗಂಟಲು ಹಿಡಿಯುತ್ತೆ.’

ಬಿಚ್ಚಿದ. ಹತ್ತಿರದಿಂದ ಅವನ ಮುಖ ಪೌಡರಿನ ಕೆಳಗೆ ಬೂದಿಯಾಗಿತ್ತು. ನಾಲ್ಕು ನಿಮಿಷದ ಮಾತಿಗೆ ಓಡಿ ಬಂದವನಂತೆ ಏದುತ್ತಿದ್ದ. ದಿನಕ್ಕೆ ಮೂರು ಗಂಟೆ, ಬೆಳಿಗ್ಗೆ ಬೆಳಿಗ್ಗೆ, ಇಲ್ಲಿ ಯಾರಿಗಾದರೂ ಕಲಿಸುವ ಉಸಿರು ಅವನಲ್ಲಿ ಇರಲಿಲ್ಲ. ಅದು ಆಕೆಗೆ ಕೇಳಿಸಿತು. ಆಕೆಗೆ ಕೇಳಿಸಿತೆಂಬುದು ಅವನಿಗೂ ಗೊತ್ತಾಯಿತು.

‘ಯಾಕೆ ಎತ್ತಿದ್ರಿ?’

‘ಕೇಳಿಸ್ಲಿಲ್ಲ. ಎತ್ತಿದೆ.’

‘ಎತ್ತದೇ ಇದ್ದಿದ್ರೆ ಪಾಠ ನಿಮ್ಮದಾಗೇ ಉಳೀತಿತ್ತು.’

‘ಕೈಗೆ ಅಷ್ಟು ಬುದ್ಧಿ ಇಲ್ಲ. ನಿನ್ನ ಹಾಗೆ ದೊಡ್ಡ ದೊಡ್ಡ ಕಡೆ ಓಡಾಡಿದ್ದಲ್ಲ ಅದು.’

ಅವನು ನಗಲು ಹೋಗಿ ಕೆಮ್ಮಿದ. ಹೊರಗೆ ಅವನ ಹೆಸರು ಕೂಗುತ್ತಿದ್ದರು. ಅವನು ಬಾಗಿಲನ್ನು ಹಿಮ್ಮಡಿಯಿಂದ ದೂಡಿ ಮುಚ್ಚಿ, ಮುಚ್ಚಿತೋ ಇಲ್ಲವೋ ಎಂದು ತಿರುಗಿ ನೋಡಿ, ಫ್ಲಾಸ್ಕಿನ ಚರ್ಮದ ಚೀಲದ ತಳಕ್ಕೆ ಕೈ ಹಾಕಿದ.

ಬಿರಡೆ. ಬಣ್ಣ ಕಂದಿ ಕಪ್ಪಾಗಿತ್ತು, ಹದಿನೇಳು ಎಂಬ ಅಂಕೆ ಅರೆಬರೆ ಉಳಿದಿತ್ತು. ಅತ್ತಿಗೆ ಅದನ್ನು ಅವನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು. ಹಳೆಯ ಹಲ್ಲಿನ ಗುರುತಿನ ಮೇಲೆ ಹೊಸ ಗುರುತು, ಅದರ ಮೇಲೆ ಇನ್ನೂ ಹೊಸದು. ತೇವವಾಗಿತ್ತು.

‘ಇವತ್ತು ಬೆಳಿಗ್ಗೆಯೂ ಕಚ್ಚಿದ್ದೀಯ.’

‘ದಿನಾ,’ ಎಂದ ಅವನು. ಮೂಗಿನಲ್ಲೇ ಬಂತು ಮಾತು. ‘ಯಾರಿಗೂ ಗೊತ್ತಿಲ್ಲ.’

‘ಅದೊಂದು ಚೆನ್ನಾಗಿ ಕಲ್ತಿದ್ದೀಯ.’

ಅವನು ತಲೆ ತಗ್ಗಿಸಿದ. ತಗ್ಗಿಸಿದಾಗ ಗದ್ದ ಇರಬೇಕಾದ ಜಾಗಕ್ಕೆ ಬಂತು. ಹೊರಗೆ ಕಾರ್ಯದರ್ಶಿ, ‘ಸರ್, ಫೋಟೋಗೆ ಕಾಯ್ತಿದ್ದಾರೆ ಸರ್,’ ಎಂದು ಬಾಗಿಲು ತಟ್ಟಿದ.

‘ಬಂದೆ,’ ಎಂದ ನಗಾರಿ, ಬಾಗಿಲಿಗೆ ಕೇಳಿಸುವಷ್ಟು. ಆಮೇಲೆ ಬಾಗಿಲಿಗೆ ಕೇಳಿಸದಷ್ಟು ಮೆಲ್ಲಗೆ, ‘ನನಗೆ ಬೆಳಿಗ್ಗೆ ಪುರುಸೊತ್ತಾಗಲ್ಲ ಅಂತ ಹೇಳ್ತೀನಿ ಅವರಿಗೆ,’ ಎಂದ.

‘ಏನಾದ್ರೂ ಹೇಳು. ಹೇಳೋದ್ರಲ್ಲಿ ನಿನಗೆ ಕಷ್ಟ ಇಲ್ಲ.’

ಅವನು ಜೇಬಿನಿಂದ ಬೀಗದ ಕೈ ತೆಗೆದು, ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು, ಬಿರಡೆಯಿದ್ದ ಆಕೆಯ ಅಂಗೈಯಲ್ಲಿಟ್ಟು, ಆಕೆಯ ಬೆರಳುಗಳನ್ನು ಅದರ ಮೇಲೆ ಒಂದೊಂದಾಗಿ ಮಡಚಿದ.